ಬಿತ್ತಿದ ಮೋಡ, ಬಾರದ ಉತ್ತರ

ಮಳೆ ತಡವಾದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿ ಎಂಬ ಮೂರ್ತಿ ಹೊತ್ತು, ಮನೆಮನೆಯ ಮುಂದೆ ನೀರು ಹೊಯ್ಯಿಸಿಕೊಳ್ಳುತ್ತಾರೆ. 2017ರಲ್ಲಿ ರಾಜ್ಯದ ಆಕಾಶದಲ್ಲಿ ಮೋಡಬಿತ್ತನೆಯ ವಿಮಾನಗಳೂ ಹಾರಿದವು. ಮೊದಲಿನದು ಬೇಡಿಕೆ, ಎರಡನೆಯದು ಅಪ್ಪಣೆ.

ಅಪ್ಪಣೆ ಕೊಡುವ ಧೈರ್ಯ ಮನುಷ್ಯನಿಗೆ ಬಂದದ್ದು 1946ರಲ್ಲಿ. ಮೋಡದ ಸಣ್ಣ ಹನಿಗಳು ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ಎಷ್ಟೋ ಸಲ ಹೆಪ್ಪುಗಟ್ಟದೆ ನೀರಾಗಿಯೇ ಉಳಿಯುತ್ತವೆ. ಅಮೆರಿಕದ ವಿನ್ಸೆಂಟ್ ಶೇಫರ್ ಅಂಥ ಮೋಡಕ್ಕೆ ವಿಮಾನದಿಂದ ಒಣಮಂಜು (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಸುರಿದರು. ಹನಿಗಳು ಹಿಮವಾಗಿ ಉದುರತೊಡಗಿದವು. ಅದೇ ವರ್ಷ ಬರ್ನಾರ್ಡ್ ವಾನೆಗಟ್, ಮಂಜುಗಡ್ಡೆಯದೇ ಹೋಲಿಕೆಯ ಹರಳುಗಳಿರುವ ಸಿಲ್ವರ್ ಅಯೊಡೈಡ್‌ನಿಂದಲೂ ಈ ಕೆಲಸವಾಗುತ್ತದೆಂದು ಕಂಡುಕೊಂಡರು.

ಮರುವರ್ಷವೇ ಅಟ್ಲಾಂಟಿಕ್‌ನ ಒಂದು ಚಂಡಮಾರುತಕ್ಕೆ ಒಣಮಂಜು ಸುರಿಯಲಾಯಿತು. ಸಮುದ್ರದತ್ತ ಸಾಗಿದ್ದ ಅದು ದಿಕ್ಕು ಬದಲಿಸಿ ಜಾರ್ಜಿಯಾ ಕರಾವಳಿಗೆ ಅಪ್ಪಳಿಸಿತು. ಜನ ವಿಜ್ಞಾನಿಗಳ ಮೇಲೆ ಸಿಟ್ಟಾದರು. ಒಣಮಂಜು ಬೀಳುವ ಮೊದಲೇ ಅದು ತಿರುಗತೊಡಗಿತ್ತೆಂದು ಆಮೇಲೆ ತಿಳಿಯಿತು. 1969ರಲ್ಲಿ ಡೆಬಿ ಚಂಡಮಾರುತಕ್ಕೆ ಸಿಲ್ವರ್ ಅಯೊಡೈಡ್ ಬಿತ್ತಿದಾಗ ಗಾಳಿಯ ವೇಗ ಸುಮಾರು 30% ತಗ್ಗಿತು. ಗೆದ್ದೆವೆಂದುಕೊಂಡರು. ಆದರೆ ಯಾರೂ ಮುಟ್ಟದ ಚಂಡಮಾರುತಗಳೂ ಹಾಗೆಯೇ ತಗ್ಗಿ ಮತ್ತೆ ಏರುತ್ತವೆಂದು ಗೊತ್ತಾಗಿ, 1983ರಲ್ಲಿ ಚಂಡಮಾರುತಗಳಿಗೆ ಬಿತ್ತುವ ಯೋಜನೆಯನ್ನೇ ಮುಚ್ಚಿದರು.

ಬಿತ್ತದಿದ್ದರೆ ಈ ಮೋಡ ಏನು ಮಾಡುತ್ತಿತ್ತು? ನನ್ನ ಪ್ರಕಾರ ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಒಂದು ಮೋಡ ಒಮ್ಮೆ ಮಾತ್ರ ಹುಟ್ಟುತ್ತದೆ, ಹೋಲಿಸಿ ನೋಡಲು ಅದರ ಜೋಡಿ ಸಿಗದು. ಹಾಗಾಗಿ ನೂರಾರು ಮೋಡಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ ಬಿತ್ತಿ, ಉಳಿದವನ್ನು ಹಾಗೇ ಬಿಟ್ಟು ಲೆಕ್ಕ ಹಾಕಬೇಕು. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಸೊಲ್ಲಾಪುರದಲ್ಲಿ ಇದನ್ನೇ ತಾಳ್ಮೆಯಿಂದ ಮಾಡಿ, ಗಾಳಿ ಬೀಸುವ ದಿಕ್ಕಿನ ನೂರು ಚದರ ಕಿ.ಮೀ.ಯಲ್ಲಿ ಸರಾಸರಿ 18% ಹೆಚ್ಚು ಮಳೆಯನ್ನು ಕಂಡಿತು. ಒಳ್ಳೆಯ ಸುದ್ದಿಯೇ. ಆದರೆ ಬಿತ್ತನೆಯಿಂದ ಮೋಡ ಹುಟ್ಟುವುದಿಲ್ಲ, ಬರಗಾಲದ ವರ್ಷ ತಕ್ಕ ಮೋಡಗಳಿಗೇ ಬರ. ವಿಮಾನದ ಸದ್ದು ಕೇಳಿ ತಲೆಯೆತ್ತುವ ರೈತನಿಗೆ ಇದನ್ನು ಮೊದಲೇ ಹೇಳಬೇಕು.

ಹವೆಯನ್ನು ಆಳುವ ಕನಸಿಗಿಂತ ಅದನ್ನು ಮುಂಚಿತವಾಗಿ ಅರಿಯುವ ದುಡಿಮೆ ಹೆಚ್ಚು ಜೀವ ಉಳಿಸಿದೆ. 1999ರ ಚಂಡಮಾರುತಕ್ಕೆ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಚಂಡಮಾರುತ ಅದೇ ಕರಾವಳಿಗೆ ಬಂದಾಗ ದಿನಗಳ ಮೊದಲೇ ಮುನ್ಸೂಚನೆ ಸಿಕ್ಕಿತ್ತು. ಲಕ್ಷಾಂತರ ಜನರನ್ನು ಆಶ್ರಯತಾಣಗಳಿಗೆ ಸಾಗಿಸಲಾಯಿತು. ಸತ್ತವರ ಸಂಖ್ಯೆ ಐವತ್ತನ್ನೂ ಮುಟ್ಟಲಿಲ್ಲ.