ಜೀವಕಣದ ಗ್ರಾಹಕಗಳೂ ನೂತನ ಔಷಧಗಳೂ

ಮಾಯಸಂದ್ರ, ತುರುವೇಕೆರೆ, ತಿಪಟೂರುಗಳ ತೆಂಗಿನ ತೋಟಗಳಲ್ಲಿ ಈಚೆಗೆ ಅಲ್ಲಲ್ಲಿ ಒಂದು ಪ್ಲಾಸ್ಟಿಕ್ ಬಕೀಟು ತೂಗುತ್ತಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಇದಕ್ಕೆ ಮೋಹಕ ಬಲೆಯೆಂದು ಹೆಸರು. ತೆಂಗಿನ ಕಾಂಡವನ್ನು ಕೊರೆದು ಮರವನ್ನೇ ಕೆಡಹುವ ಕೆಂಪು ಮೂತಿ ಹುಳುವಿನ ಗಂಡು ತನ್ನ ಬಳಗವನ್ನು ಕರೆಯುವುದಕ್ಕಾಗಿ ಒಂದು ವಾಸನೆಯನ್ನು ಹೊರಸೂಸುವುದುಂಟು. ಆ ವಾಸನೆಯ ದ್ರವ್ಯವನ್ನು ರಸಾಯನಶಾಸ್ತ್ರಜ್ಞರು ತಾವೇ ತಯಾರಿಸಿ, ಪುಟ್ಟ ಪೊಟ್ಟಣದಲ್ಲಿ ತುಂಬಿ, ಬಕೀಟಿನ ಮುಚ್ಚಳಕ್ಕೆ ತೂಗುಬಿಡುತ್ತಾರೆ. ಕೆಳಗೆ ಹಣ್ಣಿನ ಚೂರುಗಳೂ ಕೀಟನಾಶಕ ಬೆರೆಸಿದ ನೀರೂ ಇರುತ್ತವೆ. ಹುಳುವು ಬಂದು ಬೀಳುತ್ತದೆ. ಪಕ್ಕದಲ್ಲೇ ಹಾರಾಡುವ ಜೇನುನೊಣವಾಗಲಿ, ಚಿಟ್ಟೆಯಾಗಲಿ ಆ ವಾಸನೆಯತ್ತ ತಿರುಗಿಯೂ ನೋಡದು. ನಮ್ಮ ಮೂಗಿಗಂತೂ ಅದರ ಕರೆ ಎಂದಿಗೂ ಅರ್ಥವಾಗದು.

ಕಾರಣವೇನೆಂದರೆ, ಆ ಹುಳುವಿನ ಮೀಸೆಯಂಥ ಸ್ಪರ್ಶತಂತುಗಳ ಜೀವಕಣಗಳ ಮೇಲೆ ಆ ಒಂದು ದ್ರವ್ಯವನ್ನೇ ಗುರುತಿಸಿ ಹಿಡಿಯುವ ಅತಿ ಸೂಕ್ಷ್ಮವಾದ ಅಂಗಗಳಿವೆ. ಇವುಗಳಿಗೆ ಗ್ರಾಹಕಗಳೆಂದು ಹೆಸರು. ಪೇಟೆಯಲ್ಲಿ ಗ್ರಾಹಕನೆಂದರೆ ಸರಕನ್ನು ಕೊಳ್ಳುವವನು. ಇಲ್ಲಿಯಾದರೋ ಸಂದೇಶವನ್ನು ಸ್ವೀಕರಿಸುವುದೆಂದಷ್ಟೇ ಅರ್ಥ. ಕುರಿಗಳು ತಮ್ಮ ಕುರುಬನ ಸ್ವರವನ್ನು ಮಾತ್ರ ಅರಿತು ಹಿಂಬಾಲಿಸುವ ಉಪಮೆಯನ್ನು ಯೋಹಾನನ ಸುವಾರ್ತೆಯಲ್ಲಿ ಓದಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಸಂಗತಿಯನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ನಮ್ಮ ದೇಹದ ಪ್ರತಿಯೊಂದು ಜೀವಕಣವೂ ಕೊಬ್ಬಿನಿಂದಾದ ತೆಳ್ಳನೆಯ ಪೊರೆಯೊಂದರಿಂದ ಸುತ್ತುವರಿಯಲ್ಪಟ್ಟಿದೆ. ರಕ್ತದಲ್ಲಿ ಹರಿದುಬರುವ ಸಂದೇಶವಾಹಕಗಳಲ್ಲಿ ಬಹುಪಾಲು ನೀರಿನಲ್ಲಿ ಕರಗುವಂಥವು. ಅವು ಈ ಪೊರೆಯನ್ನು ದಾಟಲಾರವು. ಆದಕಾರಣ ಪೊರೆಯಲ್ಲಿ ಅರ್ಧ ಹೊರಕ್ಕೂ ಅರ್ಧ ಒಳಕ್ಕೂ ಚಾಚಿ ನಿಂತ ಗ್ರಾಹಕಗಳು ಹೊರಗಿನಿಂದ ಸಂದೇಶವನ್ನು ಹಿಡಿದು, ತಮ್ಮ ಆಕಾರವನ್ನು ಕೊಂಚ ಬದಲಿಸಿ, ಒಳಗಿರುವ ಮತ್ತೊಂದು ವಸ್ತುವನ್ನು ಎಚ್ಚರಿಸುತ್ತವೆ. ಅದು ಮೂರನೆಯದನ್ನು, ಮೂರನೆಯದು ನಾಲ್ಕನೆಯದನ್ನು ಎಚ್ಚರಿಸಿ, ಕೊನೆಗೆ ಕಣದ ನಡುವಿನ ಬೀಜದವರೆಗೂ ಸುದ್ದಿ ಮುಟ್ಟುತ್ತದೆ. ತಂದವನು ಬಾಗಿಲಲ್ಲೇ ನಿಲ್ಲುತ್ತಾನೆ, ಮಾತು ಮಾತ್ರ ಅಡಿಗೆಮನೆಯವರೆಗೂ ಹೋಗುತ್ತದೆ.

ಮಧುಮೂತ್ರ ರೋಗಕ್ಕೆ ಕೊಡುವ ಇನ್ಸುಲಿನ್ ಸಕ್ಕರೆಯನ್ನು ತಾನೇ ಹೊತ್ತು ಜೀವಕಣದೊಳಕ್ಕೆ ಹಾಕುತ್ತದೆಂದು ಅನೇಕರು ನಂಬಿರುವರು. ಹಾಗಲ್ಲ. ಟೊರಾಂಟೊ ನಗರದಲ್ಲಿ ೧೯೨೧ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಬೇರ್ಪಡಿಸಿದ ಈ ವಸ್ತುವು ಮಾಂಸಖಂಡದ ಕಣಗಳ ಗ್ರಾಹಕವನ್ನು ತಟ್ಟುವುದಷ್ಟೇ. ತಟ್ಟಿದ ಬಳಿಕ ಒಳಗಿನ ಸರಪಣಿಯು ಅಲುಗಾಡಿ, ಕಣದ ಒಳಗೆ ಅಡಗಿದ್ದ ಸಕ್ಕರೆಯ ಬಾಗಿಲುಗಳು ಮೇಲಕ್ಕೆ ಬಂದು ತೆರೆದುಕೊಳ್ಳುತ್ತವೆ. ನಡುವಯಸ್ಸಿನಲ್ಲಿ ಬರುವ ಮಧುಮೂತ್ರದಲ್ಲಿ ಅನೇಕ ವೇಳೆ ತಟ್ಟುವವನು ಇದ್ದೇ ಇರುತ್ತಾನೆ. ಒಳಗಿನವರಿಗೆ ಕೇಳಿಸುವುದು ಮಂದವಾಗಿರುತ್ತದೆ.

ಗ್ರಾಹಕವೆಂಬ ಕಲ್ಪನೆಯು ಹುಟ್ಟಿದುದು ವಿಷಗಳ ಪರೀಕ್ಷೆಯಿಂದ. ಕೇಂಬ್ರಿಜ್ಜಿನ ಲ್ಯಾಂಗ್ಲಿ ಎಂಬ ಪಂಡಿತರು ಕೋಳಿಯ ಮಾಂಸಖಂಡಕ್ಕೆ ಹೊಗೆಸೊಪ್ಪಿನ ಸಾರವಾದ ನಿಕೋಟಿನನ್ನು ಹಾಕಿದಾಗ ಅದು ಸೆಟೆದುಕೊಂಡಿತು. ದಕ್ಷಿಣ ಅಮೆರಿಕದ ಬೇಡರು ಬಾಣಕ್ಕೆ ಸವರುವ ಕುರಾರೆ ವಿಷವನ್ನು ಹಾಕಿದೊಡನೆ ಆ ಸೆಟೆತವು ಅಡಗಿತು. ನರವನ್ನು ಕತ್ತರಿಸಿ, ಅದು ಪೂರ್ತಿ ಸತ್ತುಹೋದ ಮೇಲೂ ಫಲವು ಹಾಗೆಯೇ ಇತ್ತು. ಆದ್ದರಿಂದ ಎರಡು ವಿಷಗಳೂ ನರದ ಮೇಲಲ್ಲ, ಮಾಂಸಖಂಡದಲ್ಲೇ ಇರುವ ಒಂದು ಗ್ರಹಣವಸ್ತುವಿನ ಮೇಲೆ ಕೂಡುತ್ತವೆಂದು ೧೯೦೫ರಲ್ಲಿ ಅವರು ಬರೆದರು. ಒಂದೇ ಪೀಠದ ಮೇಲೆ ಕೂತು ಒಂದು ವಸ್ತು ಮಾತನಾಡುತ್ತದೆ, ಇನ್ನೊಂದು ಸುಮ್ಮನೆ ಕೂತು ಮಾತನಾಡುವವರಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಈ ಎರಡನೆಯ ಉಪಾಯವನ್ನೇ ಹಿಡಿದು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಎಂಬವರು ಹೃದಯದ ಬಡಿತವನ್ನು ತಗ್ಗಿಸುವ ಪ್ರೊಪ್ರನೊಲಾಲ್, ಹೊಟ್ಟೆಯ ಹುಣ್ಣಿಗೆ ಸಿಮೆಟಿಡೀನ್ ಎಂಬ ಎರಡು ಮದ್ದುಗಳನ್ನು ರೂಪಿಸಿದರು. ೧೯೮೮ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಅದಕ್ಕೆ ಮುಂಚೆ ವೈದ್ಯರಿಗೆ ಮದ್ದು ಸಿಕ್ಕುತ್ತಿದ್ದುದು ಬಹುಮಟ್ಟಿಗೆ ಆಕಸ್ಮಿಕವಾಗಿ. ಇಲ್ಲಿಂದ ಮುಂದೆ ಪೀಠವನ್ನು ಮೊದಲು ಕಂಡುಕೊಂಡು, ಅದಕ್ಕೆ ಒಪ್ಪುವ ವಸ್ತುವನ್ನು ಕೈಯಾರೆ ಕಡೆದು ಮಾಡುವ ಪದ್ಧತಿಯು ಬಂದಿತು.

ಇನ್ನು ನಮ್ಮ ತಾಯಂದಿರಿಗೂ ಸೋದರಿಯರಿಗೂ ನೇರವಾಗಿ ಸಂಬಂಧಪಟ್ಟ ವಿಷಯಕ್ಕೆ ಬರುವೆವು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರು ೧೯೮೨ರಿಂದ ಆ ನಗರದ ಕ್ಯಾನ್ಸರ್ ರೋಗಿಗಳ ದಾಖಲೆಯನ್ನು ಇಡುತ್ತ ಬಂದಿರುವರು. ಈಗ ಅಲ್ಲಿನ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಸ್ತನದ ಕ್ಯಾನ್ಸರ್. ಈ ರೋಗದ ಗಂಟು ಮೊದಲಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂಬ ಧೈರ್ಯದಿಂದಲೂ, ಹೇಳಿಕೊಳ್ಳಲು ನಾಚಿಕೆಯಿಂದಲೂ, ಮನೆಯ ಕೆಲಸ ನಿಂತೀತೆಂಬ ಚಿಂತೆಯಿಂದಲೂ ನಮ್ಮ ಹಳ್ಳಿಗಳ ಹೆಂಗಸರು ತಿಂಗಳುಗಟ್ಟಲೆ ಅದನ್ನು ಸೆರಗಿನ ಮರೆಯಲ್ಲಿ ಇಟ್ಟುಕೊಂಡಿರುವರು. ಹಿಂದಿನ ತಲೆಮಾರಿನವರು ಹಾಗೆ ಮಾಡಿದುದಕ್ಕೆ ಒಂದು ಕಾರಣವಾದರೂ ಇತ್ತು, ಹೇಳಿಕೊಂಡರೂ ಪ್ರಯೋಜನವು ಸ್ವಲ್ಪವೇ. ಆ ಕಾರಣವು ಈಗ ಉಳಿದಿಲ್ಲ. ಹೇಗೆಂಬುದನ್ನು ನೋಡಿರಿ.

ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಎಂಬವರು ಇಲಿಯ ಜೊಲ್ಲುಗ್ರಂಥಿಯ ರಸವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವುಗಳ ಕಣ್ಣುಗಳು ಅವಧಿಗೆ ಮುಂಚೆಯೇ ತೆರೆದವು. ಚರ್ಮದ ಕಣಗಳಿಗೆ ಬೆಳೆಯೆಂದು ಹೇಳುವ ವಸ್ತುವೊಂದು ಆ ರಸದಲ್ಲಿತ್ತು. ಈ ಶೋಧನೆಗಾಗಿ ಅವರಿಗೂ, ನರಗಳನ್ನು ಬೆಳೆಯಿಸುವ ವಸ್ತುವನ್ನು ಕಂಡುಹಿಡಿದ ರೀಟಾ ಲೆವಿ ಮೊಂಟಾಲ್ಚೀನಿ ಎಂಬ ಇಟಲಿಯ ವಿದುಷಿಗೂ ೧೯೮೬ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಬೆಳೆಯೆಂಬ ಮಾತನ್ನು ಕೇಳುವ ಗ್ರಾಹಕಕ್ಕೆ ಮೂವರು ಒಡಹುಟ್ಟಿದವರಿರುವರೆಂದು ತರುವಾಯ ತಿಳಿದುಬಂತು. ಅವರಲ್ಲಿ ಎರಡನೆಯದರ ಹೆಸರು ಹರ್-೨. ಇದರ ಸ್ವಭಾವವು ವಿಚಿತ್ರ: ಇದನ್ನು ಕರೆಯುವ ಸಂದೇಶವಾಹಕ ಯಾವುದೂ ಇದುವರೆಗೆ ಸಿಕ್ಕಿಲ್ಲ. ಒಡಹುಟ್ಟಿದ ಮತ್ತೊಂದು ಗ್ರಾಹಕದ ಕೈಹಿಡಿದು ಜೋಡಿಯಾದಾಗ ಒಂದು ಇನ್ನೊಂದರ ಬಾಲಕ್ಕೆ ಫಾಸ್ಫೇಟನ್ನು ಅಂಟಿಸುತ್ತದೆ. ಅದೇ ಸಂಜ್ಞೆಯಾಗಿ ಕಣವು ಎರಡಾಗಿ ಒಡೆಯಲು ಸಿದ್ಧವಾಗುತ್ತದೆ. ಆರೋಗ್ಯವಂತ ಕಣದಲ್ಲಿ ಇವು ಮಿತವಾಗಿದ್ದು, ಜೋಡಿಯಾಗುವುದೂ ಮಿತವಾಗಿರುತ್ತದೆ. ಸ್ತನದ ಕ್ಯಾನ್ಸರ್ ಆದವರಲ್ಲಿ ಹೆಚ್ಚುಕಡಿಮೆ ಐವರಿಗೆ ಒಬ್ಬರಂತೆ, ಹರ್-೨ರ ಪಾಠವನ್ನು ಬರೆದಿಟ್ಟ ವಂಶವಾಹಿಯು ಎರಡು ಪ್ರತಿಗಳ ಬದಲು ಹಲವು ಪ್ರತಿಗಳಾಗಿ, ಕಣದ ಮೈತುಂಬ ಈ ಗ್ರಾಹಕವೇ ಕಿಕ್ಕಿರಿದಿರುತ್ತದೆ. ಆಗ ಯಾರೂ ಕರೆಯದೆಯೇ ಬೆಳೆ, ಬೆಳೆ ಎಂಬ ಕೂಗು ಒಳಗೆ ಎಡೆಬಿಡದೆ ನಡೆಯುತ್ತದೆ.

ಕ್ಯಾಲಿಫೋರ್ನಿಯದ ಡೆನ್ನಿಸ್ ಸ್ಲೇಮನ್ ಮತ್ತು ಸಂಗಡಿಗರು ೧೯೮೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಪ್ರತಿಗಳು ಹೆಚ್ಚಿದ ರೋಗಿಗಳಲ್ಲಿ ರೋಗವು ಬೇಗನೆ ಮರುಕಳಿಸುವುದೆಂದು ತೋರಿಸಿದರು. ಆ ಗ್ರಾಹಕದ ಹೊರಭಾಗಕ್ಕೆ ಮಾತ್ರ ಅಂಟಿಕೊಳ್ಳುವ ಒಂದು ಪ್ರತಿಕಾಯವನ್ನು ತಯಾರಿಸಲಾಯಿತು. ಅದೇ ಟ್ರಾಸ್ಟುಜುಮ್ಯಾಬ್. ಅದು ಹರ್-೨ನ್ನು ಹಿಡಿದು ಬಾಯಿ ಕಟ್ಟುವುದಲ್ಲದೆ, ದೇಹದ ಕಾವಲುಕಣಗಳಿಗೆ ಇಲ್ಲಿ ಬನ್ನಿರೆಂದು ಗುರುತನ್ನೂ ಇಟ್ಟುಕೊಡುತ್ತದೆ. ೧೯೯೮ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ದೊರೆಯಿತು. ರೋಗವು ಇನ್ನೂ ಹರಡದಿರುವಾಗಲೇ ಶಸ್ತ್ರಚಿಕಿತ್ಸೆಯ ತರುವಾಯ ಕೊಟ್ಟರೆ ಮರುಕಳಿಸುವ ಸಂಭವವು ಸುಮಾರು ಅರ್ಧಕ್ಕೆ ಇಳಿಯುವುದೆಂದು ೨೦೦೫ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿದವು. ಅಂಥ ಗುಣವು ಬೇಗ ಬಂದವರಿಗೇ ಹೆಚ್ಚು.

ಔಷಧವಿದ್ದರೂ ಅದರ ಬೆಲೆಯು ನಮ್ಮವರ ಕೈಗೆ ಎಟುಕುವಂತಿರಲಿಲ್ಲ. ಇಲ್ಲಿ ಬೆಂಗಳೂರಿನ ಪಾತ್ರವನ್ನು ಹೇಳಬೇಕು. ಬಿಷಪ್ ಕಾಟನ್ ಬಾಲಿಕೆಯರ ಶಾಲೆಯಲ್ಲಿಯೂ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿಯೂ, ಅಂದರೆ ನಮ್ಮದರಂತೆ ಕ್ರೈಸ್ತರು ನಡೆಸುವ ವಿದ್ಯಾಲಯಗಳಲ್ಲಿ, ಓದಿದ ಶ್ರೀಮತಿ ಕಿರಣ್ ಮಜುಂದಾರ್ ಷಾ ಅವರು ವೈದ್ಯ ವಿದ್ಯೆಯನ್ನು ಕಲಿಯಬೇಕೆಂದಿದ್ದು, ಅದು ಕೈಗೂಡದೆ, ಆಸ್ಟ್ರೇಲಿಯಕ್ಕೆ ಹೋಗಿ ಬಿಯರ್ ತಯಾರಿಸುವ ವಿದ್ಯೆಯನ್ನು ಕಲಿತು ಬಂದರು. ಹೆಂಗಸಿಗೆ ಆ ಕೆಲಸವನ್ನು ಕೊಡಲು ಇಲ್ಲಿ ಯಾರೂ ಮುಂದೆ ಬರಲಿಲ್ಲ. ಅವರು ೧೯೭೮ರಲ್ಲಿ ಬಯೋಕಾನ್ ಸಂಸ್ಥೆಯನ್ನು ಸ್ಥಾಪಿಸಿದರು. ಹುದುಗುವಿಕೆಯನ್ನು ಬಲ್ಲವರಿಗೆ ಈ ಔಷಧವು ಅಪರಿಚಿತವಲ್ಲ. ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಅಂಡಾಶಯದಿಂದ ಬಂದ ಜೀವಕಣಗಳಿಗೆ ಪ್ರತಿಕಾಯದ ಪಾಠವನ್ನು ಕಲಿಸಿ, ದೊಡ್ಡ ಉಕ್ಕಿನ ಕೊಪ್ಪರಿಗೆಗಳಲ್ಲಿ ಹದವಾದ ಶಾಖದಲ್ಲಿ ಬೆಳೆಯಿಸಿ, ಅವು ಸ್ರವಿಸಿದುದನ್ನು ಶೋಧಿಸಿ ತೆಗೆಯಬೇಕು. ಈ ಬಗೆಯ ಟ್ರಾಸ್ಟುಜುಮ್ಯಾಬನ್ನು ಅವರು ೨೦೧೪ರಲ್ಲಿ ಕ್ಯಾನ್‌ಮ್ಯಾಬ್ ಎಂಬ ಹೆಸರಿನಿಂದ ಭಾರತದಲ್ಲಿ ಮಾರಾಟಕ್ಕೆ ತಂದರು. ೪೪೦ ಮಿಲಿಗ್ರಾಮಿನ ಸೀಸೆಗೆ ಆಗ ೫೭,೫೦೦ ರೂಪಾಯಿ. ಮೂಲ ಔಷಧಕ್ಕಿಂತ ಸುಮಾರು ಕಾಲು ಪಾಲು ಕಡಿಮೆ. ಕೊಬ್ಬರಿಯನ್ನು ಮೂಟೆಗಟ್ಟಲೆ ಮಾರಿದರೂ ಒಂದು ಸೀಸೆಯ ಹಣ ಹೊರಡುವುದು ಕಷ್ಟವಾದ ಮನೆಗಳಿಗೆ ಅದು ಅಗ್ಗವೆಂದು ಹೇಳಲು ನಮಗೆ ಮನಸ್ಸು ಬಾರದು. ಆದರೂ ಬೇರೆ ತಯಾರಕರು ಪೈಪೋಟಿಗೆ ಇಳಿಯುವುದಕ್ಕೆ ಬಾಗಿಲು ತೆರೆದುದು ಆಗ. ೨೦೧೭ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರವೂ ಬೆಂಗಳೂರಿನ ಈ ಔಷಧವನ್ನು ಒಪ್ಪಿತು. ಟ್ರಾಸ್ಟುಜುಮ್ಯಾಬಿನ ಪ್ರತಿರೂಪಗಳಲ್ಲಿ ಅಲ್ಲಿ ಒಪ್ಪಿಗೆ ಪಡೆದ ಮೊದಲನೆಯದು ಇದೇ.

ಈ ಮದ್ದು ಎಲ್ಲರಿಗೂ ಹೊಂದುವುದಿಲ್ಲ. ಹರ್-೨ ಹೆಚ್ಚಿಲ್ಲದವರಿಗೆ ಕೊಟ್ಟರೆ ಹಣವೂ ವ್ಯರ್ಥ, ದೇಹಕ್ಕೂ ಹೊರೆ. ಏಕೆಂದರೆ ಹೃದಯದ ಮಾಂಸಖಂಡವೂ ತನ್ನ ಯೋಗಕ್ಷೇಮಕ್ಕೆ ಇದೇ ಗ್ರಾಹಕವನ್ನು ಬಳಸುತ್ತದೆ. ಆದ್ದರಿಂದಲೇ ಚಿಕಿತ್ಸೆಯ ಕಾಲದಲ್ಲಿ ಆಗಾಗ್ಗೆ ಹೃದಯದ ಪರೀಕ್ಷೆಯನ್ನು ಮಾಡಿಸುತ್ತಾರೆ. ಗಂಟಿನಿಂದ ತೆಗೆದ ಚೂರಿಗೆ ಬಣ್ಣ ಕಟ್ಟಿ, ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುವರು. ಮೂರಾದರೆ ಹರ್-೨ ಹೆಚ್ಚಿದೆಯೆಂದರ್ಥ. ಎರಡಾದರೆ ಸಂದೇಹವಿದ್ದು, ವಂಶವಾಹಿಯ ಪ್ರತಿಗಳನ್ನೇ ಎಣಿಸುವ ಮತ್ತೊಂದು ಪರೀಕ್ಷೆ ಬೇಕು. ಅದೇ ಚೂರಿನಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರೋನ್ ಎಂಬ ಸ್ತ್ರೀರಸಗಳ ಗ್ರಾಹಕಗಳನ್ನೂ ನೋಡುವರು. ಈ ಎರಡು ಕೊಬ್ಬಿನಲ್ಲಿ ಕರಗುವ ರಸಗಳಾದ್ದರಿಂದ ಪೊರೆಯನ್ನು ದಾಟಿ ನೇರವಾಗಿ ಒಳಗೇ ಹೋಗಿ ತಮ್ಮ ಗ್ರಾಹಕವನ್ನು ಕಾಣುತ್ತವೆ. ಈಸ್ಟ್ರೊಜೆನ್ನಿನ ಪೀಠದ ಮೇಲೆ ಸುಮ್ಮನೆ ಕೂತುಕೊಳ್ಳುವ ಟಾಮಾಕ್ಸಿಫೆನ್ ಎಂಬ ಗುಳಿಗೆಗೆ ಬೆಲೆಯೂ ಅಲ್ಪ. ದಿನಕ್ಕೊಂದರಂತೆ ಸಾಮಾನ್ಯವಾಗಿ ಐದು ವರ್ಷ ನುಂಗಬೇಕು. ಸ್ತನದ ಗಂಟನ್ನು ತೆಗೆಯಿಸಿಕೊಂಡ ಯಾವ ಹೆಂಗಸಾದರೂ ಈ ಮೂರು ಗ್ರಾಹಕಗಳ ವರದಿ ಎಲ್ಲಿ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ನಮ್ಮ ಶಾಲೆಯಲ್ಲಿ ನಾಲ್ಕಕ್ಷರ ಕಲಿತವರು, ಕಲಿಯದ ಅತ್ತೆಯ ಪರವಾಗಿಯೂ ಅತ್ತಿಗೆಯ ಪರವಾಗಿಯೂ ಅದನ್ನು ಕೇಳಬಹುದು.

ಬೆಂಗಳೂರಿನ ಮತ್ತೊಂದು ಶೋಧನೆಯನ್ನು ಹೇಳದೆ ಬಿಡಲಾಗದು. ಮುಂಬಯಿಯ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಭ್ಯಸಿಸಿದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು, ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದೆಂದು ೧೯೩೧ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ವಸ್ತುವೇ ಫೋಲಿಕ್ ಆಮ್ಲ. ಇಂದು ನಮ್ಮ ಶಾಲೆಗಳ ಹೆಣ್ಣುಮಕ್ಕಳಿಗೆ ಕಬ್ಬಿಣದೊಂದಿಗೆ ವಾರಕ್ಕೊಂದರಂತೆ ಕೊಡುವ ನೀಲಿ ಗುಳಿಗೆಯಲ್ಲಿರುವುದೂ ಅದೇ. ಇದನ್ನು ಹಿಡಿಯುವ ಒಂದು ಗ್ರಾಹಕವು ಪೊರೆಯನ್ನು ತೂರಿ ನಿಲ್ಲದೆ, ಕೊಬ್ಬಿನ ಬಾಲವೊಂದರಿಂದ ಪೊರೆಯ ಹೊರಮೈಗೆ ಮಾತ್ರ ಕಟ್ಟಿಕೊಂಡಿರುತ್ತದೆ. ಇಂಥವು ಪೊರೆಯ ಮೇಲೆ ಚೆಲ್ಲಾಪಿಲ್ಲಿಯಾಗಿರದೆ ಪುಟ್ಟಪುಟ್ಟ ಗುಂಪುಗಳಾಗಿ ನಿಲ್ಲುವುವೆಂಬುದನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್ ಮತ್ತು ಅವರ ಶಿಷ್ಯರು ೧೯೯೮ರಲ್ಲಿ ತೋರಿಸಿದರು. ಅವರು ಔಷಧವನ್ನು ಹುಡುಕಿ ಹೊರಟವರಲ್ಲ; ಪೊರೆಯ ರಚನೆಯನ್ನು ತಿಳಿಯಬೇಕೆಂಬುದಷ್ಟೇ ಅವರ ಉದ್ದೇಶ.

ಅಂಡಾಶಯದ ಕ್ಯಾನ್ಸರಿನ ಕಣಗಳ ಮೇಲೆ ಅನೇಕ ವೇಳೆ ಈ ಫೋಲಿಕ್ ಗ್ರಾಹಕವು ವಿಪರೀತವಾಗಿ ಹೆಚ್ಚಿರುತ್ತದೆ. ಅದನ್ನು ಗುರುತಿಸುವ ಪ್ರತಿಕಾಯದ ಬೆನ್ನಿಗೆ ಘೋರವಾದ ವಿಷವನ್ನು ಕಟ್ಟಿ ಮಾಡಿದ ಔಷಧವೊಂದಕ್ಕೆ ೨೦೨೨ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾಯಿತು. ಮಿರ್ವೆಟುಕ್ಸಿಮ್ಯಾಬ್ ಎಂಬ ಅದರ ಹೆಸರನ್ನು ಉಚ್ಚರಿಸುವುದೇ ಒಂದು ಸಾಹಸ. ಪ್ರತಿಕಾಯವು ಗ್ರಾಹಕಕ್ಕೆ ಅಂಟಿದೊಡನೆ ಕಣವು ಅದನ್ನು ಒಳಕ್ಕೆ ನುಂಗುತ್ತದೆ, ಒಳಗೆ ಕಟ್ಟು ಬಿಚ್ಚಿ ವಿಷವು ಹರಡುತ್ತದೆ. ತೋಟದ ಬಕೀಟಿನಲ್ಲಿ ನಡೆಯುವುದೂ ಇದಕ್ಕಿಂತ ಬಹಳ ಭಿನ್ನವಲ್ಲ. ಈ ಮದ್ದು ಕಣ್ಣಿನ ಮುಂಭಾಗಕ್ಕೆ ತೊಂದರೆ ಕೊಡುವುದುಂಟಾದ್ದರಿಂದ, ತೆಗೆದುಕೊಳ್ಳುವವರು ಮೊದಲೂ ನಡುನಡುವೆಯೂ ಕಣ್ಣಿನ ವೈದ್ಯರಲ್ಲಿಗೆ ಹೋಗಿ ತೋರಿಸಿಕೊಳ್ಳಬೇಕಾಗಿದೆ.