ಕಾರಂತರ ಮೇಳ: ಹಾಳೆಗಿಳಿಯದ ವೃಂದಗಾನ

ವೃಂದಗಾನದ ನಿರ್ದೇಶಕರೆಂದರೆ ಮುಂದೆ ಸ್ವರಲಿಪಿಯ ಹಾಳೆ, ಎದುರಿಗೆ ಪಳಗಿದ ಕಂಠಗಳ ಸಾಲು ಎಂಬ ಚಿತ್ರ ಕಣ್ಣಮುಂದೆ ಬರುತ್ತದೆ. ಮದ್ರಾಸಿನಲ್ಲಿ ಎಂ.ಬಿ. ಶ್ರೀನಿವಾಸನ್ ಅವರು ಕಟ್ಟಿದ ಯುವ ಗಾಯನವೃಂದ ಅಂತಹುದು. ಕನ್ನಡದಲ್ಲಿ ಆ ಪರಂಪರೆ ಚರ್ಚುಗಳ ಆಚೆಗೆ ಅಷ್ಟಾಗಿ ಬೇರೂರಲಿಲ್ಲ. ನಮ್ಮಲ್ಲಿ ಆ ಕಾರ್ಯ ನಡೆದದ್ದು ನಾಟಕದ ತಾಲೀಮಿನ ಕೋಣೆಯಲ್ಲಿ. ನಡೆಸಿದವರು ಬಿ.ವಿ. ಕಾರಂತರು.

ಬಂಟ್ವಾಳ ತಾಲ್ಲೂಕಿನ ಮಂಚಿಯ ಬಾಬುಕೋಡಿಯ ಹುಡುಗ ಮನೆಬಿಟ್ಟು ಸೇರಿದ್ದು ಗುಬ್ಬಿ ಕಂಪನಿಯನ್ನು. ವೀರಣ್ಣನವರೇ ಅವರನ್ನು ಬನಾರಸಿಗೆ ಕಳುಹಿಸಿದರು. ಅಲ್ಲಿ ಹಿಂದಿ ಎಂ.ಎ. ವ್ಯಾಸಂಗದೊಡನೆ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತದ ಅಭ್ಯಾಸವೂ ನಡೆಯಿತು. ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಮುಂದೆ 1977ರಿಂದ 1981ರವರೆಗೆ ಅದೇ ಶಾಲೆಗೆ ಅವರು ನಿರ್ದೇಶಕರಾದರು.

ಕಂಪನಿ ನಾಟಕಗಳಲ್ಲಿ ಹಾಡು ನಾಯಕ ನಟನ ಸೊತ್ತು. 'ಒನ್ಸ್ ಮೋರ್' ಬಿದ್ದರೆ ಕಥೆ ನಿಲ್ಲುತ್ತಿತ್ತು, ಹಾಡು ಮತ್ತೆ ಮೊದಲಿನಿಂದ. ಕಾರಂತರು ಆ ಸೊತ್ತನ್ನು ಗುಂಪಿಗೆ ಹಂಚಿದರು. 1972ರಲ್ಲಿ ಬೆಂಗಳೂರಿನಲ್ಲಿ ಬಯಲುರಂಗದ ಮೇಲೆ ಅವರು ಆಡಿಸಿದ ಲಂಕೇಶರ 'ಸಂಕ್ರಾಂತಿ', ಅವರದೇ ಅನುವಾದದ 'ಈಡಿಪಸ್', ಕಂಬಾರರ 'ಜೋಕುಮಾರಸ್ವಾಮಿ' ಈ ಬದಲಾವಣೆಯನ್ನು ಸ್ಪಷ್ಟವಾಗಿ ತೋರಿಸಿದವು. ಈಡಿಪಸನದು ಗ್ರೀಕರ ಮೇಳ, ಜೋಕುಮಾರಸ್ವಾಮಿಯದು ಬಯಲಾಟದ ಹಿಮ್ಮೇಳ. ಎರಡು ದೂರದ ಪದ್ಧತಿಗಳು ಒಬ್ಬರೇ ಸಂಯೋಜಕರ ಕೈಯಲ್ಲಿ ನೆರೆಮನೆಯವಾದವು. 1974ರಲ್ಲಿ ಹುಟ್ಟಿದ 'ಬೆನಕ' ತಂಡ ಆಡಿದ ಶ್ರೀರಂಗರ 'ಸತ್ತವರ ನೆರಳು' ಇನ್ನೊಂದು ಹೆಜ್ಜೆ. ಮಠದ ಉತ್ತರಾಧಿಕಾರದ ಕಥೆಯ ನಡುವೆ ಮೇಳ ದಾಸರ ಪದ ಹಾಡಿದಾಗ, ಭಜನೆಯೇ ವಿಡಂಬನೆಯಾಗುತ್ತಿತ್ತು. ಹಾಡಿನ ಒಂದಕ್ಷರವನ್ನೂ ಬದಲಿಸದೆ ಅದರ ಅರ್ಥವನ್ನು ಹೀಗೆ ತಿರುಗಿಸಿದ್ದು, ಈ ಲೇಖಕನ ದೃಷ್ಟಿಯಲ್ಲಿ, ಅವರ ಅತ್ಯುತ್ತಮ ಸಂಯೋಜನೆ.

ಪಾಶ್ಚಾತ್ಯ ವೃಂದಗಾನದಂತೆ ಇಲ್ಲಿ ನಾಲ್ಕು ಸ್ಥಾಯಿಗಳ ಸ್ವರಮೇಳವಿಲ್ಲ. ಎಲ್ಲರೂ ಹಾಡುವುದು ಒಂದೇ ಮಟ್ಟು. ವೈವಿಧ್ಯ ಬರುವುದು ಲಯದಿಂದ, ಸಾಲುಗಳನ್ನು ಹಂಚುವ ಕ್ರಮದಿಂದ, ಕಂಠಗಳ ಒರಟುತನದಿಂದ. ನಟರು ಗಾಯಕರಾಗಿರಲೇಬೇಕೆಂದಿರಲಿಲ್ಲ. ಗುಣುಗು, ಉಸಿರು, ಅರ್ಥವಿಲ್ಲದ ಅಕ್ಷರ, ಕೈಗೆ ಸಿಕ್ಕ ವಸ್ತುವಿನ ಸದ್ದು ಎಲ್ಲವೂ ಅವರಿಗೆ ಸಂಗೀತವೇ. ಸಂಗೀತದ ಅಬ್ಬರದಲ್ಲಿ ನಾಟಕದ ಮಾತು ಮುಳುಗುತ್ತದೆಂಬ ಆಕ್ಷೇಪವೂ ಇತ್ತು. ಅದು ಪೂರ್ತಿ ಸುಳ್ಳಲ್ಲ.

ಚಲನಚಿತ್ರದಲ್ಲಿ 'ಋಷ್ಯಶೃಂಗ' ಹಾಗೂ 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ಭೋಪಾಲದ ರಂಗಮಂಡಲದ ನಂತರ 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಸ್ಥಾಪಕ ನಿರ್ದೇಶಕರಾದರು. 2002ರ ಸೆಪ್ಟೆಂಬರ್ 1ರಂದು ತೀರಿಕೊಂಡರು.

ಈಗ ಉಳಿದಿರುವುದು ದಾಖಲೆಯ ಪ್ರಶ್ನೆ. ಕಾರಂತರು ಬರೆದಿಟ್ಟು ಕಲಿಸುವ ಸಂಯೋಜಕರಲ್ಲ. ಹಾರ್ಮೋನಿಯಂ ಮುಂದೆ ಕುಳಿತು, ನಟರ ಬಾಯಲ್ಲಿ ಹಾಡಿಸುತ್ತಲೇ ಮಟ್ಟು ಕಟ್ಟುತ್ತಿದ್ದರು. ಧ್ವನಿಮುದ್ರಿಕೆಯಲ್ಲಿ ಮಟ್ಟು ದೊರೆಯಬಹುದು. ಆದರೆ ಯಾವ ಸಾಲಿಗೆ ಯಾರು ದನಿಗೂಡಿಸುತ್ತಿದ್ದರು, ಎಲ್ಲಿ ಮೇಳ ಥಟ್ಟನೆ ಮೌನವಾಗುತ್ತಿತ್ತು, ಯಾವ ಹೆಜ್ಜೆಗೆ ಯಾವ ಪೆಟ್ಟು ಎಂಬುದನ್ನು ಹೇಳಬಲ್ಲವರು ಅಂದು ಹಾಡಿದವರು. 1972ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಸ್ವರಲಿಪಿ ಬಲ್ಲವರೊಬ್ಬರನ್ನು ಅವರೆದುರು ಕೂರಿಸುವುದು ದೊಡ್ಡ ವೆಚ್ಚದ ಕೆಲಸವೇನೂ ಅಲ್ಲ.