ಗರ್ಭಕಂಠದ ಏಡಿಗಂತಿ: ಅದರ ಕಾರಣವೂ ಕಾಲಾವಧಿಯೂ

'ಕ್ಯಾನ್ಸರ್' ಎಂಬುದು ಲ್ಯಾಟಿನ್ ಭಾಷೆಯಲ್ಲಿ ಏಡಿಗೆ ಇರುವ ಹೆಸರು. ಗ್ರೀಕ್ ವೈದ್ಯರು ಈ ರೋಗಕ್ಕೆ ಬಳಸಿದ 'ಕಾರ್ಕಿನೋಸ್' ಎಂಬ ಶಬ್ದಕ್ಕೂ ಏಡಿಯೆಂದೇ ಅರ್ಥ. ಕನ್ನಡದ 'ಏಡಿಗಂತಿ'ಯೂ ಇದೇ ಕಲ್ಪನೆಯನ್ನು ಹಿಡಿದು ಹುಟ್ಟಿದ ಮಾತು. ಆದರೆ ಈ ಹೆಸರುಗಳು ರೋಗದ ಹೊರರೂಪವನ್ನು ಸೂಚಿಸುವುವೇ ಹೊರತು ಕಾರಣವನ್ನು ಸೂಚಿಸುವುದಿಲ್ಲ. ಅನೇಕ ಬಗೆಯ ಏಡಿಗಂತಿಗಳಿಗೆ ಇದೇ ಕಾರಣವೆಂದು ಒಂದನ್ನು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲ. ಗರ್ಭಾಶಯವು ಯೋನಿಮಾರ್ಗಕ್ಕೆ ತೆರೆಯುವ ಕಿರಿದಾದ ಕೆಳಭಾಗಕ್ಕೆ ಗರ್ಭಕಂಠವೆಂದು ಹೆಸರು. ಅಲ್ಲಿ ಉಂಟಾಗುವ ಏಡಿಗಂತಿಯ ವಿಷಯವು ಹಾಗಲ್ಲ. ಅದರ ಕಾರಣವು ತಿಳಿದಿದೆ. ಅದು ಬೆಳೆಯುವ ಕ್ರಮವು ತಿಳಿದಿದೆ. ತಡೆಯುವ ಉಪಾಯವೂ ತಿಳಿದಿದೆ. ಹೀಗಿದ್ದೂ ೨೦೨೨ರಲ್ಲಿ ಭಾರತದಲ್ಲಿ ಸುಮಾರು ೧,೨೭,೦೦೦ ಸ್ತ್ರೀಯರಲ್ಲಿ ಇದು ಹೊಸದಾಗಿ ಕಾಣಿಸಿಕೊಂಡಿತೆಂದೂ, ಸುಮಾರು ೮೦,೦೦೦ ಮಂದಿ ಇದರಿಂದ ಮೃತರಾದರೆಂದೂ ಅಂತರರಾಷ್ಟ್ರೀಯ ಗಣನೆಯ ಅಂದಾಜು. ಇಷ್ಟು ತಿಳಿದಿರುವ ರೋಗವು ಇಷ್ಟು ಜನರನ್ನು ಕೊಲ್ಲುವುದೇಕೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಈ ಕಾರಣದ ಶೋಧನೆಯು ಮರಣಲೇಖಗಳಿಂದ ಮೊದಲಾಯಿತೆನ್ನಬಹುದು. ಇಟಲಿಯ ವೈದ್ಯನಾದ ದೊಮೆನಿಕೊ ರಿಗೋನಿ-ಸ್ಟರ್ನ್ ಎಂಬವನು ವೆರೋನಾ ನಗರದ ೧೭೬೦ರಿಂದ ೧೮೩೯ರವರೆಗಿನ ಮರಣಲೇಖಗಳನ್ನು ಪರಿಶೀಲಿಸಿ, ತಾನು ಕಂಡುದನ್ನು ೧೮೪೨ರಲ್ಲಿ ಪ್ರಕಟಿಸಿದನು. ಗರ್ಭಾಶಯದ ಏಡಿಗಂತಿಯು ವಿವಾಹಿತೆಯರಲ್ಲಿ ಹೆಚ್ಚಾಗಿಯೂ ಕ್ರೈಸ್ತ ಸಂನ್ಯಾಸಿನಿಯರಲ್ಲಿ ವಿರಳವಾಗಿಯೂ ಇದ್ದಿತು; ಸ್ತನದ ಏಡಿಗಂತಿಯಾದರೋ ಸಂನ್ಯಾಸಿನಿಯರಲ್ಲಿಯೇ ಹೆಚ್ಚು. ದಾಂಪತ್ಯಕ್ಕೂ ಗರ್ಭಾಶಯದ ಈ ರೋಗಕ್ಕೂ ಏನೋ ಸಂಬಂಧವುಂಟೆಂಬ ಊಹೆಗೆ ಇದರಿಂದ ಆಧಾರ ದೊರೆಯಿತು. ಆದರೆ ಸಂಬಂಧವೇ ಕಾರಣವಲ್ಲ. ಕಾರಣವು ಕೈಗೆ ಸಿಕ್ಕಲು ಮತ್ತೆ ೧೪೦ ವರ್ಷಗಳು ಬೇಕಾದುವು.

೧೯೭೦ರ ದಶಕದಲ್ಲಿ ಅನೇಕ ವಿದ್ವಾಂಸರು ಹರ್ಪಿಸ್ ಎಂಬ ವೈರಸ್ಸನ್ನು ಶಂಕಿಸಿದ್ದರು. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಇದನ್ನು ಒಪ್ಪದೆ, ನರಹುಲಿಯನ್ನು ಉಂಟುಮಾಡುವ ಪ್ಯಾಪಿಲೋಮಾ ವೈರಸ್ಸಿನ ಕಡೆಗೆ ದೃಷ್ಟಿಯನ್ನು ತಿರುಗಿಸಿದರು. ಅವರೂ ಅವರ ಸಹಕಾರಿಗಳೂ ಗರ್ಭಕಂಠದ ಏಡಿಗಂತಿಯಿಂದ ೧೯೮೩ರಲ್ಲಿ ಈ ವೈರಸ್ಸಿನ ೧೬ನೆಯ ಪ್ರಭೇದವನ್ನೂ ೧೯೮೪ರಲ್ಲಿ ೧೮ನೆಯ ಪ್ರಭೇದವನ್ನೂ ಬೇರ್ಪಡಿಸಿದರು. ೨೦೦೮ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಮಾನವರಲ್ಲಿ ಕಾಣುವ ಈ ವೈರಸ್ಸಿಗೆ ೨೦೦ಕ್ಕೂ ಹೆಚ್ಚು ಪ್ರಭೇದಗಳುಂಟು. ಕೈಕಾಲುಗಳ ನರಹುಲಿಗೆ ಕಾರಣವಾದವು ಬೇರೆ. ಏಡಿಗಂತಿಗೆ ಕಾರಣವಾಗಬಲ್ಲವು ಸುಮಾರು ೧೪ ಮಾತ್ರ. ಗರ್ಭಕಂಠದ ಏಡಿಗಂತಿಗಳಲ್ಲಿ ನೂರಕ್ಕೆ ಸುಮಾರು ೭೦ಕ್ಕೆ ಮೇಲೆ ಹೇಳಿದ ೧೬ ಮತ್ತು ೧೮ನೆಯ ಪ್ರಭೇದಗಳೇ ಮೂಲ.

ವೈರಸ್ಸು ಕಣ್ಣಿಗೆ ಕಾಣದ ಸಣ್ಣ ಗೀರುಗಳ ಮೂಲಕ ಗರ್ಭಕಂಠದ ಒಳಪೊರೆಯ ಅಡಿಯ ಜೀವಕೋಶಗಳನ್ನು ಹೊಗುವುದು. ಕೋಶವು ಮಿತಿಮೀರಿ ಒಡೆದು ಹೆಚ್ಚದಂತೆ ನಮ್ಮ ದೇಹದಲ್ಲಿ ಕೆಲವು ಕಾವಲು ಪ್ರೋಟೀನುಗಳುಂಟು. ವೈರಸ್ಸಿನ 'ಇ-೬' ಎಂಬ ಪ್ರೋಟೀನು ಅವುಗಳಲ್ಲಿ ಒಂದನ್ನು ನಾಶಗೊಳಿಸುವುದು. 'ಇ-೭' ಎಂಬುದು ಮತ್ತೊಂದನ್ನು ಕಟ್ಟಿಹಾಕುವುದು. ಕಾವಲು ತಪ್ಪಿದ ಕೋಶಗಳು ದೋಷಗಳನ್ನು ಕೂಡಿಸಿಕೊಳ್ಳುತ್ತ ಹೆಚ್ಚುವುವು.

ಆದರೂ ಸೋಂಕು ತಗುಲಿದ ಮಾತ್ರಕ್ಕೆ ಏಡಿಗಂತಿಯು ಬಂದಿತೆಂದು ಭಾವಿಸಲಾಗದು. ಹೆಚ್ಚಿನ ಸೋಂಕುಗಳನ್ನು ದೇಹವೇ ಒಂದೆರಡು ವರ್ಷಗಳಲ್ಲಿ ನಿವಾರಿಸಿಕೊಳ್ಳುವುದು. ಎಲ್ಲಿ ಅಪಾಯಕರವಾದ ಪ್ರಭೇದವು ಬಹುಕಾಲ ಉಳಿಯುವುದೋ ಅಲ್ಲಿ ಮಾತ್ರ ಕೋಶಗಳು ವಿಕಾರಗೊಳ್ಳುವುವು. ಅಲ್ಲಿಂದ ಏಡಿಗಂತಿಯಾಗಲು ಸಾಮಾನ್ಯವಾಗಿ ೧೫ರಿಂದ ೨೦ ವರ್ಷಗಳು ಹಿಡಿಯುವುವು, ಎಚ್.ಐ.ವಿ. ಮೊದಲಾದುವುಗಳಿಂದ ರೋಗನಿರೋಧ ಶಕ್ತಿಯು ಕುಂದಿದವರಲ್ಲಿ ೫ರಿಂದ ೧೦ ವರ್ಷಗಳು ಸಾಕು. ಮಾರಕ ರೋಗಗಳಲ್ಲಿ ಇಷ್ಟು ಅವಕಾಶವನ್ನು ಕೊಡುವುವು ವಿರಳ. ಆದರೆ ಈ ಅವಧಿಯಲ್ಲಿ ನೋವಿಲ್ಲ, ಲಕ್ಷಣವಿಲ್ಲ. ಮುಟ್ಟು ನಿಂತ ಮೇಲಿನ ರಕ್ತಸ್ರಾವ, ದುರ್ಗಂಧದ ಬಿಳಿಸೆರಗು ಮುಂತಾದುವು ಕಾಣುವ ಹೊತ್ತಿಗೆ ರೋಗವು ಬಲಿತಿರುವುದುಂಟು. ಆದುದರಿಂದ ಲಕ್ಷಣಕ್ಕಾಗಿ ಕಾಯುವುದು ಅವಧಿಯನ್ನು ಕಳೆದುಕೊಂಡಂತೆಯೇ ಸರಿ.

ಈ ಅವಧಿಯನ್ನು ಬಳಸಿಕೊಳ್ಳುವ ಮೊದಲ ಉಪಾಯವನ್ನು ತೋರಿಸಿದವರು ಗ್ರೀಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಜಾರ್ಜ್ ಪಾಪಾನಿಕೊಲಾವ್. ಗರ್ಭಕಂಠದಿಂದ ಉದುರಿದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿಕಾರವನ್ನು ಮುಂಚಿತವಾಗಿಯೇ ಗುರುತಿಸುವ ಕ್ರಮವನ್ನು ಅವರು ಹರ್ಬರ್ಟ್ ಟ್ರಾಟ್ ಅವರೊಡನೆ ೧೯೪೩ರ ಗ್ರಂಥದಲ್ಲಿ ವಿವರಿಸಿದರು. ವೈರಸ್ಸನ್ನೇ ಹುಡುಕುವ ಪರೀಕ್ಷೆಯು ಅನಂತರದ್ದು. ಇದರ ಬೆಲೆಯನ್ನು ಜಗತ್ತಿಗೆ ತೋರಿಸಿದ ಪ್ರಯೋಗಗಳಲ್ಲೊಂದು ನಮ್ಮ ಕಲಬುರಗಿ ಜಿಲ್ಲೆಯ ನೆರೆಯಲ್ಲಿಯೇ, ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತು. ೩೦ರಿಂದ ೫೯ ವರ್ಷದ ೧,೩೧,೭೪೬ ಸ್ತ್ರೀಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿತ್ತು. ವೈರಸ್ ಪರೀಕ್ಷೆಯನ್ನು ಒಂದೇ ಒಂದು ಸಲ ನಡೆಸಿದ ಗುಂಪಿನಲ್ಲಿ ಈ ಏಡಿಗಂತಿಯ ಮರಣಗಳು, ಪರೀಕ್ಷೆಯಿಲ್ಲದ ಗುಂಪಿಗಿಂತ ಹೆಚ್ಚು ಕಡಮೆ ಅರ್ಧಕ್ಕೆ ಇಳಿದುವೆಂದು ೨೦೦೯ರಲ್ಲಿ ಪ್ರಕಟವಾಯಿತು.

ಎರಡನೆಯ ಉಪಾಯವು ೨೦೦೬ರಿಂದ ಬಳಕೆಗೆ ಬಂದ ಲಸಿಕೆ. ಇದರಲ್ಲಿರುವುದು ವೈರಸ್ಸಿನ ಬರಿಯ ಹೊರಚಿಪ್ಪಿನ ಪ್ರತಿರೂಪ. ಒಳಗೆ ವಂಶದ್ರವ್ಯವಿಲ್ಲದಿರುವುದರಿಂದ ಇದು ಸೋಂಕನ್ನು ಉಂಟುಮಾಡಲಾರದು. ಈಗಾಗಲೇ ತಗುಲಿದ ಸೋಂಕನ್ನು ಇದು ಕಳೆಯುವುದಿಲ್ಲವಾದ್ದರಿಂದ ೯ರಿಂದ ೧೪ ವರ್ಷದ ಬಾಲಕಿಯರಿಗೆ ಕೊಡುವುದು ಶ್ರೇಷ್ಠ. ಸ್ಕಾಟ್ಲೆಂಡಿನಲ್ಲಿ ೧೯೮೮ರಿಂದ ೧೯೯೬ರವರೆಗೆ ಹುಟ್ಟಿದವರ ಪೈಕಿ, ೧೨-೧೩ನೆಯ ವಯಸ್ಸಿನಲ್ಲಿ ಲಸಿಕೆಯನ್ನು ಪಡೆದವರಲ್ಲಿ ಒಬ್ಬರಿಗೂ ಈ ಏಡಿಗಂತಿಯು ಕಂಡುಬಂದಿಲ್ಲವೆಂದು ೨೦೨೪ರಲ್ಲಿ ವರದಿಯಾಯಿತು. ಭಾರತದ ಅನುಭವವೂ ಇಲ್ಲಿ ಸ್ಮರಣೀಯ. ಎರಡು ಮತ್ತು ಮೂರು ಸಲದ ಲಸಿಕೆಗಳನ್ನು ಹೋಲಿಸಲು ೨೦೦೯ರಲ್ಲಿ ಇಲ್ಲಿ ತೊಡಗಿದ ಪ್ರಯೋಗವು, ಅದಕ್ಕೆ ಸಂಬಂಧಪಡದ ಕಾರಣಗಳಿಂದ ೨೦೧೦ರಲ್ಲಿ ನಡುವೆಯೇ ನಿಂತುಹೋಗಿ, ಸಾವಿರಾರು ಬಾಲಕಿಯರಿಗೆ ಒಂದೇ ಲಸಿಕೆಯಾಯಿತು. ಹತ್ತು ವರ್ಷಗಳ ಮೇಲೆ ನೋಡಲಾಗಿ, ೧೬ ಮತ್ತು ೧೮ನೆಯ ಪ್ರಭೇದಗಳ ಬಹುಕಾಲದ ಸೋಂಕಿನಿಂದ ಆ ಒಂದೇ ಲಸಿಕೆಯು ಹೆಚ್ಚು ಸಲ ಪಡೆದವರಿಗೆ ಸಮನಾದ ರಕ್ಷಣೆಯನ್ನು ಕೊಟ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಒಂದೇ ಸಲದ ಕ್ರಮವನ್ನೂ ಅಂಗೀಕರಿಸಿತು.

ಹೀಗೆ ಉಪಾಯಗಳಿದ್ದರೂ ಅವುಗಳಿಗೆ ಅಡ್ಡಿಯಾಗಿರುವುವು ಎರಡು. ವೆಚ್ಚ ಮತ್ತು ದೂರ ಒಂದು. ಇದು ಸರ್ಕಾರಗಳ ಹೊಣೆ. ಲಜ್ಜೆ ಎರಡನೆಯದು, ಇದರಲ್ಲಿ ನಮಗೂ ಪಾಲುಂಟು. ಈ ಸೋಂಕು ಶಾರೀರಿಕ ಸಂಪರ್ಕದಿಂದ ಹರಡುವುದೆಂದು ಕೇಳಿದೊಡನೆ ಜನರು ರೋಗಿಯ ಶೀಲವನ್ನು ಶಂಕಿಸುವರು. ಇದು ಅಜ್ಞಾನ. ದಾಂಪತ್ಯವನ್ನು ನಡೆಸುವ ಸ್ತ್ರೀಪುರುಷರಲ್ಲಿ ಬಹುಮಂದಿಗೆ ಬಾಳಿನಲ್ಲಿ ಎಂದಾದರೊಮ್ಮೆ ಈ ಸೋಂಕು ತಗುಲಿಯೇ ಇರುವುದು. ಒಬ್ಬನೇ ಪತಿಯೊಡನೆ ಬಾಳಿದವಳಿಗೂ ಇದು ಬರಬಹುದು. ಎಲ್ಲರಿಗೂ ಸಾಮಾನ್ಯವಾದುದು ಒಬ್ಬಳ ದೋಷವೆಂದೆನಿಸಲಾರದು.

ಮುಟ್ಟನ್ನು 'ಹೊರಗಾಗುವುದು' ಎಂದು ಮರೆಮಾಡಿ ಹೇಳುವ ನಮ್ಮಲ್ಲಿ, ಗರ್ಭಕಂಠ, ಬಿಳಿಸೆರಗು ಎಂಬ ಮಾತುಗಳನ್ನು ವೈದ್ಯರ ಮುಂದೆ ಆಡಲು ಹೆಂಗಸರು ಅಳುಕುವುದು ಆಶ್ಚರ್ಯವಲ್ಲ. ಆ ಅಳುಕಿನಲ್ಲಿ ಕಳೆಯುವ ವರ್ಷಗಳು ರೋಗವು ತಾನಾಗಿ ಕೊಟ್ಟ ವರ್ಷಗಳೇ. ಈ ಮಾತುಗಳು ಕನ್ನಡದಲ್ಲಿ ಇವೆ; ಅವು ಅಶ್ಲೀಲವಲ್ಲ. ಭಾಷೆಯನ್ನು ಕಲಿಸುವವರು ಇವನ್ನು ಸಂಕೋಚವಿಲ್ಲದೆ ಬರೆದು, ಆಡಿ, ಬಳಕೆಗೆ ತಂದರೆ ಚಿಕಿತ್ಸೆಯನ್ನು ಮಾಡಿದಂತಾಗದಿರಬಹುದು. ಆದರೆ ಚಿಕಿತ್ಸೆಯು ಕೈಗೂಡುವ ಕಾಲದಲ್ಲಿಯೇ ಅನೇಕ ಸ್ತ್ರೀಯರು ಅದನ್ನು ಕೇಳಿಕೊಳ್ಳಲು ಶಕ್ತರಾಗುವರು.